ಎಂಜಿನ್ ಕೆಲಸ ಆದ ಮೇಲೂ ಆಯಿಲ್ ಸೋರುತ್ತಿದ್ದ ಅಂಬಾಸಿಡರ್: ಒಂದು ಪ್ರಕರಣ ಅಧ್ಯಯನ

ಗಾಡಿ 1968ರ ಅಂಬಾಸಿಡರ್, ಮಾರ್ಕ್ 2. ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರದ್ದು. ತಂದೆ ಕೊಂಡ ಗಾಡಿ ಅಂತ ಅದರ ಮೇಲೆ ಅವರಿಗೆ ಪ್ರಾಣ. ಎಂಜಿನ್ ಕೆಲಸ ಮಾಡಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಪಿಸ್ಟನ್ ರಿಂಗ್, ಹೊಸ ಪ್ಯಾಕಿಂಗ್ (ಗ್ಯಾಸ್ಕೆಟ್) ಸೆಟ್, ಹೊಸ ಆಯಿಲ್ ಸೀಲ್ ಎಲ್ಲವೂ ಬಿಲ್ಲಿನಲ್ಲಿತ್ತು. ಆದರೂ ಸೋರಿಕೆ ಮೊದಲಿಗಿಂತ ಜಾಸ್ತಿ ಆಗಿತ್ತು. ರಾತ್ರಿ ನಿಲ್ಲಿಸಿದ ಕಡೆ ಬೆಳಗ್ಗೆ ನೋಡಿದರೆ ಊಟದ ತಟ್ಟೆಯಷ್ಟು ಅಗಲದ ಕಲೆ. ಬೆಂಗಳೂರಿಗೆ ಹೋಗಿ ಬಂದರೆ ಹಿಂದಿನ ಬಂಪರ್ ಮೇಲೂ ಆಯಿಲ್ ಕೂತಿರುತ್ತಿತ್ತು. ಕೊನೆಗೆ ಚಾಮುಂಡಿ ಬೆಟ್ಟ ಹತ್ತುವಾಗ ಕ್ಲಚ್ ಸ್ಲಿಪ್ ಆಗೋದಕ್ಕೆ ಶುರುವಾಯಿತು. ಆಗಲೇ ಅವರು ಗಾಡಿಯನ್ನು ನಮ್ಮ ಕಡೆಗೆ ತಂದಿದ್ದು.

'ಹಳೇ ಅಂಬಾಸಿಡರ್ ಅಂದ್ಮೇಲೆ ಸೋರೋದೇ ಬಿಡಿ ಸಾರ್' ಅಂತ ಕೆಲಸ ಮಾಡಿದವರು ಹೇಳಿ ಕಳಿಸಿದ್ದರಂತೆ. ಈ ಮಾತು ತುಂಬಾ ಕಡೆ ಕೇಳಿಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಈ ಎಂಜಿನ್ ಒಂದೆರಡು ಹನಿ ಬಿಡುತ್ತದೆ, ನಿಜ. ಅದಕ್ಕೆ ಕಾರಣ ಅದರ ವಿನ್ಯಾಸದಲ್ಲೇ ಇದೆ. ಆದರೆ ಲೀಟರುಗಟ್ಟಲೆ ಸೋರಿದರೆ ಅದು ಕೆಲಸದ ದೋಷ. ಆಯಿಲ್ ಹೊರಗೆ ಬರಬೇಕಾದರೆ ಒಂದೋ ಅದನ್ನು ಏನೋ ಒಳಗಿನಿಂದ ತಳ್ಳುತ್ತಿರಬೇಕು, ಇಲ್ಲವೇ ಅದು ಚೇಂಬರಿಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ವಾಪಸ್ ಇಳಿಯುವ ದಾರಿ ಮುಚ್ಚಿರಬೇಕು, ಇಲ್ಲವೇ ಎರಡು ಲೋಹದ ಮುಖಗಳು ಸಮ ಕೂತಿರಬಾರದು. ಪ್ಯಾಕಿಂಗ್‌ನ ಸರದಿ ಇವೆಲ್ಲಾ ಆದ ಮೇಲೆ. ಈ ಗಾಡಿಯಲ್ಲಿ ಮೂರೂ ಇತ್ತು.

ಎಂಜಿನ್ ಬಗ್ಗೆ ಸ್ವಲ್ಪ

ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಮಾಡುತ್ತಿದ್ದ ಅಂಬಾಸಿಡರ್‌ಗೆ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಶುರುವಿನಲ್ಲಿ ಸೈಡ್ ವಾಲ್ವ್ ಎಂಜಿನ್ ಇತ್ತು. 1959ರಿಂದ 1489 ಸಿಸಿಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್ ಪೆಟ್ರೋಲ್ ಎಂಜಿನ್ ಬಂತು. ಎರಕದ ಕಬ್ಬಿಣದ ಬ್ಲಾಕ್, ನಾಲ್ಕು ಸಿಲಿಂಡರ್, ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಅಚ್ಚಾದ ಕ್ರ್ಯಾಂಕಿಗೆ ಮೂರು ಮೇನ್ ಬೇರಿಂಗ್. ಎಂಜಿಎ, ಎಂಜಿಬಿ ಸ್ಪೋರ್ಟ್ಸ್ ಕಾರುಗಳಲ್ಲೂ ಇದೇ ಕುಟುಂಬದ ಎಂಜಿನ್. ಹಾಗಾಗಿ ಅಂಬಾಸಿಡರ್ ಕೈಪಿಡಿ ಸಿಗದಿದ್ದರೆ ಆ ಗಾಡಿಗಳ ಕೈಪಿಡಿ ಓದಿದರೂ ತುಂಬಾ ವಿಷಯ ತಿಳಿಯುತ್ತದೆ.

ಆಯಿಲ್ ಸೋರಿಕೆ ಮಟ್ಟಿಗೆ ಮುಖ್ಯವಾದ ಸಂಗತಿ ಒಂದೇ. ಮೂರು ಬೇರಿಂಗ್‌ನ ಈ ಎಂಜಿನ್‌ಗೆ ಕ್ರ್ಯಾಂಕಿನ ಹಿಂದುಗಡೆ, ಅಂದರೆ ಫ್ಲೈವೀಲ್ ಕಡೆ, ರಬ್ಬರ್ ಸೀಲ್ ಇಲ್ಲವೇ ಇಲ್ಲ. ಅದರ ಬದಲು ಕ್ರ್ಯಾಂಕಿನ ಮೇಲೆ ಸ್ಕ್ರೂ ತಿರುಪಿನಂಥ ಒಂದು ಸುರುಳಿ ತೋಡು ಕೊರೆದಿದ್ದಾರೆ. ಇದಕ್ಕೆ ಸ್ಕ್ರೋಲ್ ಅಂತಾರೆ. ಕ್ರ್ಯಾಂಕ್ ತಿರುಗುವಾಗ ಈ ಸುರುಳಿ ಹಿಂದಕ್ಕೆ ಬಂದ ಆಯಿಲನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಆ ಆಯಿಲ್ ಹಿಂದಿನ ಬೇರಿಂಗನ್ನು ಕೆಳಗಿನಿಂದ ಹಿಡಿಯುವ ಕ್ಯಾಪಿನಲ್ಲಿರುವ ದಾರಿಯಿಂದ ಚೇಂಬರಿಗೆ ಇಳಿಯುತ್ತದೆ. ಸ್ಕ್ರೋಲ್‌ಗೂ ಅದರ ಸುತ್ತಲಿನ ಲೋಹಕ್ಕೂ ಎಲ್ಲೂ ತಾಕಬಾರದು. ನಡುವಿನ ಸಂದು ಕೆಲವೇ ಥೌ, ಅಂದರೆ ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಮೂರೋ ನಾಲ್ಕೋ ಐದೋ. ಆ ಸಂದಿನಲ್ಲಿ ಗಾಳಿ ಸಲೀಸಾಗಿ ಓಡಾಡುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1964ರಲ್ಲಿ ಎಂಜಿಬಿಗೆ ಐದು ಬೇರಿಂಗ್‌ನ ಕ್ರ್ಯಾಂಕ್ ಬಂದಾಗ ಅಲ್ಲಿ ಹಿಂದುಗಡೆ ರಬ್ಬರ್ ಸೀಲ್ ಹಾಕಿದರು. ನಮ್ಮ ಅಂಬಾಸಿಡರ್ ಎಂಜಿನ್‌ಗೆ ಆ ಭಾಗ್ಯ ಸಿಗಲಿಲ್ಲ.

ಬಿಚ್ಚುವ ಮೊದಲು ಹುಡುಕುವುದು

ಸೋರುವ ಎಂಜಿನ್ ಬಂದ ತಕ್ಷಣ ಇಳಿಸಿ ಬಿಚ್ಚಿಬಿಡುವವರು ಜಾಸ್ತಿ. ಬಿಚ್ಚಿದ ಮೇಲೆ ಎಲ್ಲಿಂದ ಸೋರುತ್ತಿತ್ತು ಅನ್ನುವ ಸಾಕ್ಷಿಯೇ ಅಳಿಸಿಹೋಗುತ್ತದೆ. ಆಯಿಲ್ ಯಾವಾಗಲೂ ಕೆಳಗೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಎಂಜಿನ್ ತಲೆ ಮೇಲಿನ ಮುಚ್ಚಳವಾದ ರಾಕರ್ ಕವರಿನಿಂದ ಸೋರಿದ್ದು ಕೆಳಗೆ ಚೇಂಬರ್ ಪ್ಯಾಕಿಂಗ್‌ನಿಂದ ಬಂದ ಹಾಗೆ ಕಾಣುತ್ತದೆ.

ಮೊದಲು ಎಂಜಿನ್ನನ್ನು ಡೀಸೆಲ್ ಹಾಕಿ ಬ್ರಷ್‌ನಿಂದ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿದೆವು. ಆಮೇಲೆ ಮೈಗೆ ಹಾಕುವ ಟಾಲ್ಕಂ ಪೌಡರನ್ನು ಬ್ಲಾಕಿನ ಎರಡೂ ಬದಿಗೆ, ಎಂಜಿನ್ ಮುಂಭಾಗದ ಟೈಮಿಂಗ್ ಕವರ್ ಸುತ್ತ, ಚೇಂಬರ್ ಅಂಚಿಗೆ ತೆಳ್ಳಗೆ ಊದಿದೆವು. ಎಂಜಿನ್ ಚಾಲೂ ಮಾಡಿ ಬಿಸಿಯಾಗುವವರೆಗೂ ಕಾದೆವು. ಬಿಳಿ ಪೌಡರಿನ ಮೇಲೆ ಆಯಿಲ್ ಮೂಡಿದ ಕಡೆ ಕಂದು ಗೆರೆ ಏಳುತ್ತದೆ. ಆ ಗೆರೆ ಮೇಲೆ ಎಲ್ಲಿ ಶುರುವಾಗಿದೆಯೋ ಅಲ್ಲೇ ಸೋರಿಕೆ. ಎಡಗಡೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಳಗಿರುವ ಎರಡು ಸೈಡ್ ಕವರ್‌ಗಳಲ್ಲಿ ಹಿಂದಿನದು ಕೆಳ ಅಂಚಿನಲ್ಲಿ ಒದ್ದೆಯಾಗಿತ್ತು. ರಾಕರ್ ಕವರ್ ಹಿಂದಿನ ಮೂಲೆಯಲ್ಲಿ ಒದ್ದೆ. ಕ್ರ್ಯಾಂಕ್ ಪುಲ್ಲಿ ಹಿಂದೆ ಒಂದು ಉಂಗುರದಂತೆ ಆಯಿಲ್ ಚಿಮ್ಮಿತ್ತು. ಫ್ಲೈವೀಲ್, ಕ್ಲಚ್ ಇರುವ ಬೆಲ್ ಹೌಸಿಂಗ್ ಕೆಳಗಿನ ತೂತಿನಿಂದ ಹನಿ ಬಿಡದೆ ಬೀಳುತ್ತಿತ್ತು.

ಆ ತೂತಿನಲ್ಲಿ ಒಂದು ಸ್ಪ್ಲಿಟ್ ಪಿನ್ ಸಡಿಲವಾಗಿ ನೇತಾಡುತ್ತಿರುತ್ತದೆ. ಗಾಡಿ ಅಲುಗಾಡಿದಾಗ ಅದೂ ಅಲುಗಾಡಿ, ತೂತು ಕಸ ಕಟ್ಟದಂತೆ ನೋಡಿಕೊಳ್ಳುತ್ತದೆ. ಈ ಗಾಡಿಯಲ್ಲಿ ಆ ಪಿನ್ ಇರಲೇ ಇಲ್ಲ. ತೂತು ಅರ್ಧ ಮುಚ್ಚಿತ್ತು. ಹೊರಗೆ ಹೋಗಬೇಕಾದ ಆಯಿಲ್ ಒಳಗೇ ನಿಂತು ಕ್ಲಚ್ ಪ್ಲೇಟಿಗೆ ಹತ್ತಿತ್ತು. ಕ್ಲಚ್ ಸ್ಲಿಪ್ ಆಗಿದ್ದು ಇದರಿಂದ. ಅಲ್ಲಿಂದ ಬಿದ್ದ ಹನಿ ಎಂಜಿನ್‌ದೋ ಗೇರ್‌ಬಾಕ್ಸ್‌ದೋ ಅಂತ ಮೊದಲು ಖಚಿತ ಮಾಡಿಕೊಳ್ಳಬೇಕು. ಈ ಗೇರ್‌ಬಾಕ್ಸಿಗೆ 90 ನಂಬರ್ ಆಯಿಲ್ ಹಾಕಿದ್ದರು. ಅದು ಮಂದ, ಗಂಧಕದ ಘಾಟು ವಾಸನೆ. ನಮ್ಮ ಹನಿ ತೆಳ್ಳಗಿತ್ತು, ಕಪ್ಪಗಿತ್ತು, ಸುಟ್ಟ ವಾಸನೆ. ಎಂಜಿನ್ ಆಯಿಲೇ.

ಒಳಗಿನ ಗಾಳಿ

ಎಲ್ಲಕ್ಕಿಂತ ಜಾಸ್ತಿ ಸಮಯ ನಾವು ಕೊಟ್ಟಿದ್ದು ಕ್ರ್ಯಾಂಕ್‌ಕೇಸ್ ಒತ್ತಡಕ್ಕೆ, ಅಂದರೆ ಕ್ರ್ಯಾಂಕ್ ತಿರುಗುವ ಜಾಗದ ಒಳಗಿನ ಗಾಳಿಯ ಒತ್ತಡಕ್ಕೆ. ಹಳೇ ಎಂಜಿನ್ ಕಟ್ಟುವವರಲ್ಲಿ ತುಂಬಾ ಜನ ಇದನ್ನು ಅಳೆಯುವುದೇ ಇಲ್ಲ.

ಪಿಸ್ಟನ್ ರಿಂಗ್ ಎಷ್ಟೇ ಹೊಸದಿರಲಿ, ಉರಿದ ಗ್ಯಾಸ್ ಸ್ವಲ್ಪ ಅದನ್ನು ದಾಟಿ ಕೆಳಗೆ ನುಗ್ಗುತ್ತದೆ. ಆ ಗಾಳಿ ಹೊರಗೆ ಹೋಗೋದಕ್ಕೆ ಬ್ರೀದರ್ ಬೇಕು. ಈ ಎಂಜಿನ್‌ನಲ್ಲಿ ಎರಡು ದಾರಿ ಇವೆ. ರಾಕರ್ ಕವರಿನಿಂದ ಏರ್ ಕ್ಲೀನರಿಗೆ ಒಂದು ಹೋಸ್. ಮುಂದಿನ ಸೈಡ್ ಕವರಿನಿಂದ ಕೆಳಕ್ಕೆ ಇಳಿಯುವ ಒಂದು ಪೈಪ್. ಗಾಡಿ ಓಡುವಾಗ ಪೈಪಿನ ಬಾಯಿ ಪಕ್ಕದಲ್ಲಿ ಹಾದುಹೋಗುವ ಗಾಳಿ ಒಳಗಿನ ಹಬೆಯನ್ನು ಎಳೆದುಕೊಳ್ಳುತ್ತದೆ. ನಿಂತ ಗಾಡಿಯಲ್ಲಿ ಈ ಎಳೆತ ಇರುವುದಿಲ್ಲ.

ಆ ಪೈಪಿನ ಬಾಯಿಗೆ ಯಾರೋ ಬಟ್ಟೆ ತುರುಕಿ ತಂತಿ ಸುತ್ತಿದ್ದರು. ಪೈಪಿನಿಂದ ಆಯಿಲ್ ತೊಟ್ಟಿಕ್ಕುತ್ತದೆ ಅಂತ ಅದನ್ನೇ ಮುಚ್ಚಿಬಿಟ್ಟಿದ್ದಾರೆ. ಏರ್ ಕ್ಲೀನರ್ ಹೋಸ್ ಬಿಸಿಗೆ ಮೆತ್ತಗಾಗಿ ಬಾಗಿದ ಕಡೆ ಚಪ್ಪಟೆಯಾಗಿತ್ತು. ಹಾಗಾದರೆ ಗಾಳಿ ಎಲ್ಲಿಗೆ ಹೋಗಬೇಕು? ಸೀಲ್ ಇಲ್ಲದ ಸ್ಕ್ರೋಲ್ ಕಡೆಗೆ. ಹೋಗುವಾಗ ಅಲ್ಲಿದ್ದ ಆಯಿಲನ್ನೂ ಹೊತ್ತುಕೊಂಡು ಹೋಗುತ್ತದೆ.

ಅಳೆಯಲು ದೊಡ್ಡ ಸಲಕರಣೆ ಬೇಕಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು 'ಯು' ಆಕಾರದಲ್ಲಿ ಒಂದು ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿ, ಪಕ್ಕದಲ್ಲಿ ಸ್ಕೇಲ್ ಅಂಟಿಸಿದೆವು. ನೀರು ಚೆನ್ನಾಗಿ ಕಾಣಲಿ ಅಂತ ಒಂದು ಚಿಟಿಕೆ ಕುಂಕುಮ. ಒಂದು ತುದಿಯನ್ನು ಡಿಪ್‌ಸ್ಟಿಕ್ ತೂತಿಗೆ ರಬ್ಬರ್ ಬಿರಡೆಯ ಮೂಲಕ ಬಿಗಿಯಾಗಿ ಸೇರಿಸಿ, ಇನ್ನೊಂದು ತುದಿಯನ್ನು ತೆರೆದಿಟ್ಟೆವು. ಎಂಜಿನ್ ಐಡಲ್‌ನಲ್ಲಿದ್ದಾಗಲೇ ನೀರಿನ ಮಟ್ಟದಲ್ಲಿ ವ್ಯತ್ಯಾಸ ಕಂಡಿತು. ಆಕ್ಸಿಲರೇಟರ್ ಕೊಟ್ಟಾಗ ಎರಡು ಇಂಚು ದಾಟಿತು. ಬಟ್ಟೆ ಕಿತ್ತು, ಹೋಸ್ ಬದಲಿಸಿ ಮತ್ತೆ ನೋಡಿದಾಗ ಅರ್ಧಕ್ಕಿಂತ ಕೆಳಗೆ ಬಂತು. ಬೆಲ್ ಹೌಸಿಂಗ್ ಹನಿಯೂ ಆಗಲೇ ಕಣ್ಣಿಗೆ ಕಾಣುವಷ್ಟು ನಿಧಾನವಾಯಿತು. ಒಂದೂ ಪ್ಯಾಕಿಂಗ್ ಮುಟ್ಟಿರಲಿಲ್ಲ ಇನ್ನೂ.

ಆದರೆ ಪೂರ್ತಿ ಇಳಿಯಲಿಲ್ಲ. ಕಂಪ್ರೆಷನ್ ನೋಡಿದರೆ ಎರಡು ಸಿಲಿಂಡರ್ 120 ಪಿಎಸ್‌ಐ ಆಸುಪಾಸಿನಲ್ಲಿದ್ದವು, ಇನ್ನೆರಡು 90 ದಾಟಲಿಲ್ಲ. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಆ ಎರಡರಲ್ಲೂ ಒತ್ತಡ ಏರಿತು. ಅಂದರೆ ತೊಂದರೆ ವಾಲ್ವ್‌ನದ್ದಲ್ಲ, ರಿಂಗ್ ಮತ್ತು ಬೋರ್‌ದು. ಹಿಂದಿನ ಕೆಲಸದಲ್ಲಿ ಬೋರ್ ಮಾಡಿಸದೆ, ಅಂದರೆ ಸಿಲಿಂಡರಿನ ಒಳಗೋಡೆಯನ್ನು ಕೊರೆಸಿ ಸಮ ಮಾಡಿಸದೆ, ಸವೆದ ಸಿಲಿಂಡರಿಗೇ ಹೊಸ ರಿಂಗ್ ಹಾಕಿದ್ದರು. ಬೋರ್ ಮೇಲ್ಭಾಗದಲ್ಲಿ ಅಗಲ, ಕೆಳಗೆ ಕಿರಿದು. ರಿಂಗ್ ಎಷ್ಟು ಹೊಸದಾದರೇನು, ಅಂಥ ಗೋಡೆಗೆ ಸುತ್ತಲೂ ಕೂರೋದೇ ಇಲ್ಲ. ಆಯಿಲ್ ಸೋರಿಕೆ ಅಂತ ಬಂದ ಗಾಡಿಗೆ ಬೋರಿಂಗ್ ಹೇಳಿದಾಗ ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ನೀರಿನ ಪೈಪ್ ತೋರಿಸಿದ ಮೇಲೆ 'ಸರಿ, ಇಳಿಸಿ ಹಾಗಾದ್ರೆ' ಅಂದರು.

ಚೇಂಬರ್ ಬಿಚ್ಚಿದಾಗ

ಎಂಜಿನ್ ಇಳಿಸಿ ಸ್ಟ್ಯಾಂಡಿಗೆ ಹಾಕಿ ಚೇಂಬರ್ ತೆಗೆದಾಗ ಕಂಡಿದ್ದು ಸಿಲಿಕೋನ್ ಪೇಸ್ಟು. ಅಂಚಿನ ಉದ್ದಕ್ಕೂ ಒಳಗಡೆ ಶಾವಿಗೆ ಎಳೆಯಂತೆ ಹಿಂಡಿಕೊಂಡು ನಿಂತಿತ್ತು. ಅದರ ಕೆಲವು ತುಂಡು ಕಳಚಿ ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಂಡಿದ್ದವು. ಇನ್ನೂ ಸ್ವಲ್ಪ ಸೇರಿದ್ದರೆ ಪಂಪಿಗೆ ಆಯಿಲ್ ಸಿಗದೆ ಬೇರಿಂಗ್‌ಗಳೇ ಹೋಗುತ್ತಿದ್ದವು. ಇದು ಸೋರಿಕೆಗಿಂತ ದೊಡ್ಡ ಅಪಾಯ.

ಇನ್ನೊಂದು ಕಂಡಿತು. ಹಿಂದಿನ ಬೇರಿಂಗ್ ಕ್ಯಾಪಿನ ಬುಡದಲ್ಲಿ ಕಾರ್ಕ್ ಪಟ್ಟಿ ಕೂರುವ ತೋಡಿನ ತುಂಬಾ ಪೇಸ್ಟ್ ತುಂಬಿದ್ದರು. ಅದು ಹಿಂಡಿಕೊಂಡು, ಸ್ಕ್ರೋಲ್‌ನಿಂದ ಆಯಿಲ್ ವಾಪಸ್ ಇಳಿಯುವ ದಾರಿಗೆ ಹೋಗಿ ಗಟ್ಟಿಯಾಗಿತ್ತು. ತೆಳು ತಂತಿ ಹಾಕಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಸ್ಕ್ರೋಲ್ ತನ್ನ ಪಾಡಿಗೆ ಆಯಿಲ್ ಒಳಗೆ ಎಳೆಯುತ್ತಿದೆ, ಆದರೆ ಇಳಿಯಲು ಜಾಗ ಇಲ್ಲ. ಗಾಳಿ ಬೇರೆ ಒಳಗಿನಿಂದ ತಳ್ಳುತ್ತಿದೆ. ಆಯಿಲ್ ಫ್ಲೈವೀಲ್ ಕಡೆ ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ? ಸೋರಿಕೆ ನಿಲ್ಲಿಸಲು ಹಾಕಿದ ಪೇಸ್ಟೇ ಈ ಎಂಜಿನ್‌ನ ಅತಿ ದೊಡ್ಡ ಸೋರಿಕೆಗೆ ಕಾರಣವಾಗಿತ್ತು. ಮೂರು ಬೇರಿಂಗ್‌ನ ಬಿ-ಸೀರೀಸ್ ಕಟ್ಟುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ: ಕ್ಯಾಪ್ ಕೂರಿಸುವ ಮೊದಲು ಆ ದಾರಿಗೆ ತಂತಿ ಹಾಕಿ, ಗಾಳಿ ಹೊಡೆದು, ಆಯಿಲ್ ಸುರಿದು ಇಳಿಯುವುದನ್ನು ಕಣ್ಣಾರೆ ನೋಡಿ. ಚೇಂಬರ್ ಮುಚ್ಚುವ ಮೊದಲು ಮತ್ತೊಮ್ಮೆ ನೋಡಿ.

ಸ್ಕ್ರೋಲ್ ಸಂದು

ಕ್ರ್ಯಾಂಕ್ ಎತ್ತಿದಾಗ ಹಿಂದಿನ ಕ್ಯಾಪಿನಲ್ಲಿ, ಸ್ಕ್ರೋಲ್ ಕೂರುವ ಜಾಗದ ತಳದಲ್ಲಿ ಒಂದು ಹೊಳೆಯುವ ಗುರುತಿತ್ತು. ಮೇನ್ ಬೇರಿಂಗ್ ಸವೆದು ಕ್ರ್ಯಾಂಕ್ ಸ್ವಲ್ಪ ಕೆಳಗೆ ಕೂತಿದೆ, ಸ್ಕ್ರೋಲ್ ತಳಕ್ಕೆ ಉಜ್ಜಿದೆ. ತಳದಲ್ಲಿ ಉಜ್ಜಿದರೆ ಮೇಲ್ಗಡೆ ಸಂದು ಅಗಲ. ಎರಡೂ ಕೆಡುಕೇ.

ಇಲ್ಲಿ ಒಂದು ಹಳೇ ಅಭ್ಯಾಸದ ಬಗ್ಗೆ ಹೇಳಲೇಬೇಕು. ಬೇರಿಂಗ್ ಸಡಿಲವಾದಾಗ ಹೊಸ ಬೇರಿಂಗ್ ಹಾಕುವ ಬದಲು ಕ್ಯಾಪಿನ ಮುಖವನ್ನು ಅರ ಹಾಕಿ ಉಜ್ಜಿ ಬಿಗಿ ಮಾಡುವವರು ಇದ್ದಾರೆ. ಹಿಂದಿನ ಕ್ಯಾಪಿಗೆ ಹಾಗೆ ಮಾಡಿದರೆ ಕ್ಯಾಪ್ ಮೇಲೆ ಬರುತ್ತದೆ, ಅದರ ಜೊತೆ ಸ್ಕ್ರೋಲ್ ಸುತ್ತಲಿನ ಲೋಹದ ಕೆಳ ಅರ್ಧವೂ ಮೇಲೆ ಬಂದು ಕ್ರ್ಯಾಂಕಿಗೆ ತಾಗುತ್ತದೆ. ಬೇರಿಂಗ್ ಕೂರುವ ಗುಂಡಿಯೂ ದುಂಡಗೆ ಉಳಿಯುವುದಿಲ್ಲ. ಹಾಗಾಗಿ ನಾವು ಮೂರೂ ಕ್ಯಾಪುಗಳ ಮುಖವನ್ನು ಸಮತಟ್ಟಾದ ಸರ್ಫೇಸ್ ಪ್ಲೇಟ್ ಮೇಲೆ ನೀಲಿ ಬಣ್ಣ ಸವರಿ ನೋಡಿದೆವು. ಅದೃಷ್ಟಕ್ಕೆ ಯಾವುದಕ್ಕೂ ಅರ ಬಿದ್ದಿರಲಿಲ್ಲ. ಬೇರಿಂಗ್ ಇಲ್ಲದೆ ಕ್ಯಾಪ್ ಬಿಗಿದು ಗುಂಡಿಗಳನ್ನು ಮೂರು ದಿಕ್ಕಿನಲ್ಲಿ ಅಳೆದೆವು. ದುಂಡಗಿದ್ದವು. ಇಲ್ಲದಿದ್ದರೆ ಮೂರೂ ಗುಂಡಿಗಳನ್ನು ಒಂದೇ ಸಾಲಿಗೆ ಕೊರೆಯುವ ಲೈನ್ ಬೋರಿಂಗ್ ಮಾಡಿಸಬೇಕಿತ್ತು. ಲೈನ್ ಬೋರಿಂಗ್ ಮಾಡುವವರಿಗೆ ಸ್ಕ್ರೋಲ್ ವಿಷಯ ಹೇಳದಿದ್ದರೆ ಕ್ರ್ಯಾಂಕಿನ ನಡು ಜಾಗ ಕೆಲವು ಥೌ ಪಕ್ಕಕ್ಕೆ ಸರಿಯುತ್ತದೆ. ಬೇರಿಂಗಿಗೆ ಅದರಿಂದ ಏನೂ ಆಗದು. ಸ್ಕ್ರೋಲಿಗೆ ಅದೇ ಜಾಸ್ತಿ.

ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಅದಕ್ಕೆ ಸರಿಯಾದ ಅಂಡರ್‌ಸೈಜ್ ಬೇರಿಂಗ್ ತಂದೆವು. ಗ್ರೈಂಡಿಂಗ್ ಅಂಗಡಿಯಲ್ಲಿ ಸ್ಕ್ರೋಲ್ ಭಾಗವನ್ನು ಮುಟ್ಟಬಾರದು ಅಂತ ಅದರ ಮೇಲೆ ಟೇಪ್ ಸುತ್ತಿ ಬರೆದು ಕಳಿಸಿದ್ದೆವು. ಪಾಲಿಷ್ ಮಾಡುವ ಭರದಲ್ಲಿ ಅದರ ಅಂಚು ಉರುಟಾದರೂ ಕೆಲಸ ಕೆಟ್ಟಂತೆ. ಕ್ರ್ಯಾಂಕ್ ವಾಪಸ್ ಬಂದ ಮೇಲೆ ಒಣ ಜೋಡಣೆ ಮಾಡಿ, ಕ್ಯಾಪುಗಳನ್ನು ಕೈಪಿಡಿ ಹೇಳಿದಷ್ಟೇ ಬಿಗಿಗೆ (ಟಾರ್ಕಿಗೆ) ಬಿಗಿದು, ಹಿಂದಿನಿಂದ ಸಂದು ಅಳೆಯುವ ತೆಳು ಫೀಲರ್ ಗೇಜ್ ತೂರಿಸಿ ಸುತ್ತಲೂ ನೋಡಿದೆವು. ತಳದಲ್ಲಿ 4 ಥೌ, ಮೇಲೆ 5, ಪಕ್ಕಗಳಲ್ಲಿ 4ಕ್ಕೂ 5ಕ್ಕೂ ನಡುವೆ. ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿದರೂ ಅಳತೆ ಬದಲಾಗಲಿಲ್ಲ. ನಮ್ಮ ಮೇಸ್ತ್ರಿ ಮುಖದಲ್ಲಿ ಆವತ್ತು ಮೊದಲ ಸಲ ನಗು ಬಂತು.

ಹಿಂದಿನ ಕ್ಯಾಪ್ ಅಂತಿಮವಾಗಿ ಕೂರಿಸುವಾಗ ಬ್ಲಾಕಿಗೆ ತಾಗುವ ಮುಖದ ಹೊರ ಅಂಚಿಗೆ ಮಾತ್ರ, ಗಟ್ಟಿಯಾಗದ ಜಾತಿಯ ಪೇಸ್ಟನ್ನು ಬೆರಳಲ್ಲಿ ಒರೆಸಿದಷ್ಟು ತೆಳ್ಳಗೆ ಸವರಿದೆವು. ಆ ಸಂದಿನಲ್ಲೂ ಆಯಿಲ್ ಹಿಂದಕ್ಕೆ ನುಸುಳುತ್ತದೆ. ಬೇರಿಂಗ್ ಪಕ್ಕದ ಮುಖಕ್ಕೆ ಪೇಸ್ಟ್ ಹೋಗಬಾರದು. ಹೋದರೆ ಕ್ಯಾಪ್ ಎದ್ದು ನಿಂತು ಬೇರಿಂಗ್ ಸಂದು ಬದಲಾಗುತ್ತದೆ.

ಸ್ಕ್ರೋಲನ್ನು ಕಡೆದು ತೆಗೆದು ರಬ್ಬರ್ ಸೀಲ್ ಹಾಕುವ ಕಿಟ್‌ಗಳು ಎಂಜಿಎ ಮಾಲೀಕರಿಗಾಗಿ ಹೊರದೇಶಗಳಲ್ಲಿ ಸಿಗುತ್ತವೆ. ಮೇಷ್ಟ್ರ ಮಗ ಅದನ್ನು ತರಿಸೋಣ ಅಂದ. ನಾನು ಬೇಡ ಅಂದೆ. ಕ್ರ್ಯಾಂಕಿನಿಂದ ಲೋಹ ಒಮ್ಮೆ ಕಡೆದರೆ ವಾಪಸ್ ಬರೋದಿಲ್ಲ. ಸೀಲ್ ಕೂರುವ ಮುಖ ಚೂರು ಓರೆಯಾದರೂ ಮೊದಲಿಗಿಂತ ಜಾಸ್ತಿ ಸೋರುತ್ತದೆ. ಸಂದು ಸರಿ ಇರುವ ಸ್ಕ್ರೋಲನ್ನು ತೆಗೆಯಲು ನನಗೆ ಕಾರಣವೇ ಕಾಣಲಿಲ್ಲ. ಸಂದು ಕೆಟ್ಟುಹೋದ ಬ್ಲಾಕಿಗೆ ಮಾತ್ರ ಆ ಕಿಟ್ ಯೋಚಿಸಬಹುದು.

ಬೋರ್ ಕೆಲಸ ಬೇಗ ಮುಗಿಯಿತು. ಮೂಲ ಅಳತೆ 73 ಮಿಮೀ ಚಿಲ್ಲರೆ. 30 ಥೌ ಓವರ್‌ಸೈಜಿಗೆ ಬೋರ್ ಮಾಡಿಸಿ, ಪಿಸ್ಟನ್ ಸೆಟ್ ಮೊದಲೇ ಕೊಟ್ಟು ಒಂದೊಂದು ಸಿಲಿಂಡರನ್ನೂ ಅದರ ಪಿಸ್ಟನ್‌ಗೇ ಹೊಂದಿಸಿ ಹೋನ್ ಮಾಡಿಸಿದೆವು, ಅಂದರೆ ಕಲ್ಲಿನಿಂದ ಉಜ್ಜಿಸಿದೆವು. ಪ್ರತಿ ರಿಂಗನ್ನೂ ಬೋರಿನೊಳಗೆ ಇಟ್ಟು ಬಾಯಿಸಂದು ನೋಡಿದೆವು. ಬೋರಿನ ಪ್ರತಿ ಇಂಚಿಗೆ ಮೂರು ನಾಲ್ಕು ಥೌ ಅನ್ನೋದು ಲೆಕ್ಕ. ಇಲ್ಲಿ 9ರಿಂದ 12 ಥೌ ಒಳಗೆ ಬಂದರೆ ಸರಿ.

ತಗಡು, ಕಾರ್ಕ್, ಬೋಲ್ಟ್

ಚೇಂಬರ್, ರಾಕರ್ ಕವರ್, ಸೈಡ್ ಕವರ್ ಮೂರೂ ಒತ್ತಿ ಮಾಡಿದ ತಗಡು. ಸೋರುತ್ತೆ ಅಂತ ಬೋಲ್ಟ್ ಬಿಗಿ ಮಾಡುತ್ತಾರೆ. ತಗಡು ಬೋಲ್ಟ್ ತೂತಿನ ಹತ್ತಿರ ಉಬ್ಬುತ್ತದೆ, ಎರಡು ಬೋಲ್ಟ್ ನಡುವೆ ಪ್ಯಾಕಿಂಗ್ ಮೇಲೆ ಒತ್ತಡವೇ ಇರುವುದಿಲ್ಲ. ಮತ್ತೆ ಸೋರುತ್ತದೆ, ಮತ್ತೆ ಬಿಗಿ ಮಾಡುತ್ತಾರೆ. ಈ ಚೇಂಬರನ್ನು ಗ್ರಾನೈಟ್ ಚಪ್ಪಡಿ ಮೇಲೆ ಬೋರಲು ಇಟ್ಟು ಹಿಂದಿನಿಂದ ಟಾರ್ಚ್ ಬಿಟ್ಟಾಗ ತೂತುಗಳ ನಡುವೆ ಸಾಲಾಗಿ ಬೆಳಕು ಕಂಡಿತು. ತೂತಿನ ಸುತ್ತ ಉಬ್ಬಿದ್ದನ್ನು ದಪ್ಪ ಉಕ್ಕಿನ ಚೂರಿನ ಮೇಲೆ ಇಟ್ಟು ಚಿಕ್ಕ ಸುತ್ತಿಗೆಯಿಂದ ಒಂದೊಂದಾಗಿ ಕೂರಿಸಿ, ಬೆಳಕು ಕಾಣದ ಹಾಗಾಗುವವರೆಗೂ ಮೇಸ್ತ್ರಿ ಬಿಡಲಿಲ್ಲ. ಇಡೀ ಮಧ್ಯಾಹ್ನ ಆ ಕೆಲಸಕ್ಕೇ ಹೋಯಿತು. ಪ್ಯಾಕಿಂಗ್ ಬದಲಿಸುವುದಕ್ಕಿಂತ ಈ ಕೆಲಸ ಜಾಸ್ತಿ ಬಾಳುತ್ತದೆ.

ಎಂಜಿಬಿ ಕೈಪಿಡಿಯಲ್ಲಿ ಚೇಂಬರ್ ಬೋಲ್ಟಿಗೆ 6 ಫೂಟ್-ಪೌಂಡ್, ಸೈಡ್ ಕವರಿಗೆ 2 ಫೂಟ್-ಪೌಂಡ್ ಅಂತ ಇದೆ. 2 ಅಂದರೆ ಚಿಕ್ಕ ಸ್ಪ್ಯಾನರನ್ನು ಎರಡೇ ಬೆರಳಲ್ಲಿ ತಿರುಗಿಸುವಷ್ಟು. ನಮ್ಮ ಗ್ಯಾರೇಜುಗಳಲ್ಲಿ ಕೈ ಅಭ್ಯಾಸ ಇದಕ್ಕಿಂತ ತುಂಬಾ ಜೋರು. ಸೈಡ್ ಕವರಿಗೆ ನಡುವೆ ಒಂದೇ ಬೋಲ್ಟ್. ಬಿಗಿ ಜಾಸ್ತಿಯಾದರೆ ಕವರ್ ನಡುವೆ ಗುಳಿಬಿದ್ದು ಅಂಚು ಏಳುತ್ತದೆ. ಈ ಗಾಡಿಯ ಹಿಂದಿನ ಸೈಡ್ ಕವರಿಗೆ ಆಗಿದ್ದು ಅದೇ. ಮೇಲಿರುವ ಎಕ್ಸಾಸ್ಟ್ ಬಿಸಿಗೆ ಕಾರ್ಕ್ ಬೇರೆ ಒಣಗಿ ಹಪ್ಪಳವಾಗಿತ್ತು. ಮ್ಯಾನಿಫೋಲ್ಡ್ ಕೂರಿಸಿದ ಮೇಲೆ ಅಲ್ಲಿಗೆ ಕೈ ಹೋಗುವುದೇ ಕಷ್ಟ. ಎಂಜಿನ್ ಹೊರಗಿದ್ದಾಗಲೇ ಅದನ್ನು ಮನಸ್ಸಿಟ್ಟು ಮಾಡಬೇಕು. ಬೋಲ್ಟ್ ತಲೆ ಕೆಳಗಿನ ವಾಷರ್ ಕೂಡ ಸೀಲಿನ ಕೆಲಸ ಮಾಡುತ್ತದೆ, ಹಳೆಯದನ್ನೇ ಹಾಕಬಾರದು.

ಕಾರ್ಕ್ ಪ್ಯಾಕಿಂಗ್ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತಿದ್ದರೆ ಒಣಗಿ ಚಿಕ್ಕದಾಗಿರುತ್ತದೆ. ಇಟ್ಟು ನೋಡಿದರೆ ತೂತುಗಳು ಹೊಂದೋದಿಲ್ಲ. ಎಳೆದರೆ ಹರಿಯುತ್ತದೆ. ಉಗುರುಬೆಚ್ಚನೆ ನೀರಿನಲ್ಲಿ ನೆನೆಹಾಕಿದರೆ ಮತ್ತೆ ತನ್ನ ಅಳತೆಗೆ ಬರುತ್ತದೆ. ಪ್ಯಾಕಿಂಗನ್ನು ಕವರ್ ಕಡೆಗೆ ಮಾತ್ರ ಅಂಟಿಸಿ, ಬ್ಲಾಕ್ ಕಡೆಗೆ ಗ್ರೀಸ್ ಸವರಿದೆವು. ಮುಂದೆ ಟ್ಯಾಪೆಟ್ ಸೆಟ್ ಮಾಡಲು (ವಾಲ್ವ್ ಸಂದು ಸರಿಪಡಿಸಲು) ರಾಕರ್ ಕವರ್ ತೆಗೆದಾಗ ಅದು ಹರಿಯದೆ ಕವರ್ ಜೊತೆಗೇ ಬರುತ್ತದೆ. ಬೆಂಗಳೂರಿನ ಜೆಸಿ ರೋಡಿನಲ್ಲಿ ತಂದ ಎರಡು ಪ್ಯಾಕಿಂಗ್ ಸೆಟ್ಟುಗಳಲ್ಲಿ ಕಾರ್ಕಿನ ದಪ್ಪವೇ ಬೇರೆ ಬೇರೆ ಇತ್ತು. ಎರಡನ್ನೂ ಒತ್ತಿ ನೋಡಿ, ಮೆತ್ತಗಿದ್ದು ಸಮವಾಗಿ ಒತ್ತಿಕೊಳ್ಳುವುದನ್ನು ಆರಿಸಿಕೊಂಡೆವು. ಮುಂದೆ ಹಿಂದೆ ಬೇರಿಂಗ್ ಕ್ಯಾಪಿನ ತೋಡಿಗೆ ಕೂರುವ ಕಾರ್ಕ್ ಪಟ್ಟಿಗಳು ಚೇಂಬರ್ ಮುಖಕ್ಕಿಂತ ಚೂರು ಮೇಲೆದ್ದು ನಿಲ್ಲಬೇಕು. ಬ್ಲೇಡಿನಿಂದ ಸಮ ಕತ್ತರಿಸಿದರೆ ಅದು ಒತ್ತಿಕೊಳ್ಳುವುದೇ ಇಲ್ಲ. ಪಟ್ಟಿಯೂ ಉದ್ದ ಪ್ಯಾಕಿಂಗೂ ಸೇರುವ ನಾಲ್ಕು ಮೂಲೆಗೆ ಮಾತ್ರ ಒಂದೊಂದು ಹನಿ ಪೇಸ್ಟ್ ಹಾಕಿದೆವು.

ಮುಂದಿನ ಸೀಲ್

ಟೈಮಿಂಗ್ ಕವರಿನ ಸೀಲ್ ಹೊಸದೇ ಇತ್ತು. ಆದರೂ ಸೋರುತ್ತಿತ್ತು. ಪುಲ್ಲಿಯ ಕತ್ತಿನ ಮೇಲೆ ಉಗುರು ಎಳೆದರೆ ಹಳೇ ಸೀಲ್ ಸವೆಸಿದ ತೋಡು ಉಗುರಿಗೆ ಸಿಗುತ್ತಿತ್ತು. ಹೊಸ ಸೀಲಿನ ತುಟಿ ಅದೇ ತೋಡಿನಲ್ಲಿ ಕೂತಿದೆ. ಲೇತಿನಲ್ಲಿ ಕತ್ತನ್ನು ಸ್ವಲ್ಪ ಕಡೆದು, ಮೇಲೆ ತೆಳು ಉಕ್ಕಿನ ಬಳೆ ಒತ್ತಿ ಕೂರಿಸಿ, ಮೂಲ ಅಳತೆಗೆ ತಂದು ಪಾಲಿಷ್ ಮಾಡಿಸಿದೆವು.

ಇನ್ನೂ ಎರಡು ತಪ್ಪು ಅಲ್ಲಿದ್ದವು. ಸೀಲಿನ ಒಳಗಡೆ, ಕ್ರ್ಯಾಂಕಿನ ಮೇಲೆ ಆಯಿಲ್ ಥ್ರೋಯರ್ ಅನ್ನುವ ಬಿಲ್ಲೆ ಇರುತ್ತದೆ. ಸೀಲಿನ ಹತ್ತಿರ ಬರುವ ಆಯಿಲನ್ನು ಅದು ದೂರ ಎಸೆಯುತ್ತದೆ. ಅದನ್ನು ಹಿಂದುಮುಂದಾಗಿ ಹಾಕಿದ್ದರು. ಇಂಗ್ಲಿಷ್‌ನ 'ಎಫ್' ಅಕ್ಷರ ಇರುವ ಮುಖ ಮುಂದಕ್ಕೆ ಬರಬೇಕು. ಎರಡನೆಯದು, ಕವರ್ ಬೋಲ್ಟ್‌ಗಳನ್ನು ಪೂರ್ತಿ ಬಿಗಿದ ಮೇಲೆ ಪುಲ್ಲಿ ಹೊಡೆದು ಕೂರಿಸಿದ್ದಾರೆ. ಕವರ್ ಚೂರು ಪಕ್ಕಕ್ಕೆ ಇದ್ದರೆ ಸೀಲಿನ ತುಟಿ ಒಂದು ಕಡೆ ಒತ್ತಿ, ಇನ್ನೊಂದು ಕಡೆ ಸಡಿಲ. ಕವರ್ ಬೋಲ್ಟ್ ಬೆರಳಲ್ಲಿ ಮಾತ್ರ ತಿರುಗಿಸಿಟ್ಟು, ಆಯಿಲ್ ಸವರಿದ ಪುಲ್ಲಿಯನ್ನು ತಿರುಗಿಸುತ್ತಾ ಒಳಗೆ ಬಿಟ್ಟು, ಕವರ್ ತಾನಾಗಿ ನಡುವಿಗೆ ಬಂದ ಮೇಲೆ ಬೋಲ್ಟ್ ಬಿಗಿಯಬೇಕು.

ಆಯಿಲ್ ಫಿಲ್ಟರ್ ಡಬ್ಬಿಯ ತೋಡಿನಲ್ಲಿ ಹಳೇ ರಬ್ಬರ್ ರಿಂಗ್ ಹಾಗೇ ಇತ್ತು, ಅದರ ಮೇಲೇ ಹೊಸದನ್ನು ಹಾಕಿದ್ದರು. ಹಳೆಯದು ಕಪ್ಪಾಗಿ ಲೋಹಕ್ಕೆ ಅಂಟಿಕೊಂಡಿರುತ್ತದೆ, ನೋಡಿದರೆ ಗೊತ್ತೇ ಆಗೋದಿಲ್ಲ. ಸೂಜಿಯಿಂದ ಕೆರೆದು ನೋಡಬೇಕು. ಡ್ರೈನ್ ಬೋಲ್ಟಿನ ತಾಮ್ರದ ವಾಷರ್ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ.

ಗಾಡಿಗೆ ಏರಿಸುವ ಮೊದಲು

ಎಂಜಿನ್ ಸ್ಟ್ಯಾಂಡಿನಲ್ಲಿದ್ದಾಗಲೇ ಬ್ರೀದರ್ ಒಂದನ್ನು ಮುಚ್ಚಿ, ಇನ್ನೊಂದರಿಂದ ತುಂಬಾ ಕಡಿಮೆ ಒತ್ತಡದ ಗಾಳಿ ಬಿಟ್ಟೆವು. ಸ್ಕ್ರೋಲ್ ಕಡೆಯಿಂದ ಗಾಳಿ ಹೇಗೂ ಹೋಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಉಳಿದ ಎಲ್ಲಾ ಸಂದಿಗೂ ಸೋಪಿನ ನೀರು ಹಚ್ಚಿ ನೋಡಿದೆವು. ಡಿಪ್‌ಸ್ಟಿಕ್ ಬುಡದಲ್ಲೂ ಬ್ಲಾಕಿನ ಹಿಂದಿನ ಆಯಿಲ್ ಗ್ಯಾಲರಿ (ಆಯಿಲ್ ಹರಿಯುವ ಒಳದಾರಿ) ಪ್ಲಗ್ಗಿನಲ್ಲೂ ಗುಳ್ಳೆ ಎದ್ದಿತು. ಆ ಪ್ಲಗ್ ಬ್ಯಾಕ್ ಪ್ಲೇಟಿನ ಒಳಗಡೆ ಇರುತ್ತದೆ. ಗಾಡಿಗೆ ಏರಿಸಿದ ಮೇಲೆ ಅಲ್ಲಿ ಸೋರಿದ್ದರೆ ಎಲ್ಲರೂ ಸ್ಕ್ರೋಲಿಗೇ ಬೈಯುತ್ತಿದ್ದರು. ಫ್ಲೈವೀಲ್ ಹಾಕುವ ಮುಂಚೆಯೇ ಸಿಕ್ಕಿದ್ದರಿಂದ ಪ್ಲಗ್ ತೆಗೆದು, ಅದರ ತಿರುಪಿಗೆ ಪೇಸ್ಟ್ ಹಚ್ಚಿ ಮತ್ತೆ ಹಾಕಿದೆವು. ಇಷ್ಟು ಸುಲಭದ ಪರೀಕ್ಷೆಯನ್ನು ಸುಮ್ನೆ ಬಿಟ್ಟುಬಿಡುವುದು ಯಾಕೋ ನನಗೆ ತಿಳಿಯದು.

ಬ್ರೀದರ್ ಪೈಪನ್ನು ಮೂಲ ಜಾಗಕ್ಕೇ ಕಟ್ಟಿದೆವು. ತುದಿ ಓರೆಯಾಗಿ ಕತ್ತರಿಸಿದ್ದು, ಬಾಯಿ ಹಿಂದಕ್ಕೆ ಮುಖ ಮಾಡಬೇಕು. ಮುಂದಕ್ಕೆ ಮುಖ ಮಾಡಿದರೆ ಎದುರು ಗಾಳಿ ಒಳಗೆ ನುಗ್ಗುತ್ತದೆ. ಬೆಲ್ ಹೌಸಿಂಗಿಗೆ ಹೊಸ ಸ್ಪ್ಲಿಟ್ ಪಿನ್, ಹೊಸ ಕ್ಲಚ್ ಪ್ಲೇಟ್, 20ಡಬ್ಲ್ಯೂ-50 ಮಿನರಲ್ ಆಯಿಲ್. ಸ್ಕ್ರೋಲ್ ಇರುವ ಎಂಜಿನ್‌ಗೆ ಈಗಿನ ತೆಳು ಸಿಂಥೆಟಿಕ್ ಆಯಿಲ್ ಹೊಂದುವುದಿಲ್ಲ.

ಮೊದಲು ಚಾಲೂ ಮಾಡಿದಾಗ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡುವ ರೂಢಿ ಇದೆ. ನಾವು ಹಾಗೆ ಬಿಡಲಿಲ್ಲ. ಲೋಡ್ ಇಲ್ಲದಿದ್ದರೆ ರಿಂಗ್ ಬೋರಿಗೆ ಒತ್ತುವುದಿಲ್ಲ, ಗೋಡೆ ನುಣುಪಾಗಿ ಬಿಡುತ್ತದೆ, ಆಮೇಲೆ ಗ್ಯಾಸ್ ಕೆಳಗೆ ನುಗ್ಗುವುದು ನಿಲ್ಲುವುದಿಲ್ಲ. ಆಯಿಲ್ ಪ್ರೆಶರ್ ಬಂತು, ನೀರು ಬಿಸಿಯಾಯಿತು, ಸೋರಿಕೆ ಇಲ್ಲ ಅಂತ ನೋಡಿಕೊಂಡು ನಂಜನಗೂಡು ರಸ್ತೆಗೆ ಹೊರಟೆವು. ಮೂರನೇ ಗೇರಿನಲ್ಲಿ ಹದವಾಗಿ ವೇಗ ಏರಿಸುವುದು, ಕಾಲು ತೆಗೆದು ಇಳಿಸುವುದು, ಮತ್ತೆ ಏರಿಸುವುದು. ಜೋರಾಗಿ ತುಳಿಯುವಂತಿಲ್ಲ, ಎಳೆಯಲಾರದೆ ಏದುಸಿರು ಬಿಡಿಸುವಂತೆಯೂ ಇಲ್ಲ.

ಫಲಿತಾಂಶ

ಮೊದಲ ಆಯಿಲ್ ಬದಲಿಸುವ ಹೊತ್ತಿಗೆ ನೀರಿನ ಪೈಪ್ ಮತ್ತೆ ಹಾಕಿ ನೋಡಿದೆವು. ಆಕ್ಸಿಲರೇಟರ್ ಕೊಟ್ಟರೂ ಮಟ್ಟ ಹೆಚ್ಚುಕಡಿಮೆ ಅಲುಗಲಿಲ್ಲ. ಕಂಪ್ರೆಷನ್ ನಾಲ್ಕರಲ್ಲೂ ಸಮ. ಸೈಡ್ ಕವರ್, ಟೈಮಿಂಗ್ ಕವರ್, ಚೇಂಬರ್ ಅಂಚು ಒಣಗಿದ್ದವು. ರಾಕರ್ ಕವರ್ ಹಿಂದಿನ ಮೂಲೆಯಲ್ಲಿ ಸ್ವಲ್ಪ ತೇವ ಕಂಡಿತು. ನಟ್ ಬಿಗಿ ಮಾಡಲು ಹೋಗದೆ ಕವರ್ ತೆಗೆದು ನೋಡಿದಾಗ ನಟ್ ಕೆಳಗಿನ ರಬ್ಬರ್ ಬುಷ್ ಹಳೆಯದು, ಗಟ್ಟಿಯಾಗಿತ್ತು. ಬದಲಿಸಿದ ಮೇಲೆ ಅದೂ ನಿಂತಿತು.

ಬೆಲ್ ಹೌಸಿಂಗ್ ಪಿನ್ನಿನ ತುದಿಯಲ್ಲಿ ಒಂದೋ ಎರಡೋ ಹನಿ ಈಗಲೂ ಬರುತ್ತದೆ. ಮುಖ್ಯವಾಗಿ ಗಾಡಿಯ ಮೂತಿ ಮೇಲಾಗಿ ಇಳಿಜಾರಿನಲ್ಲಿ ನಿಲ್ಲಿಸಿದಾಗ. ಕ್ರ್ಯಾಂಕ್ ನಿಂತ ಮೇಲೆ ಸ್ಕ್ರೋಲ್ ಕೆಲಸ ಮಾಡುವುದಿಲ್ಲ, ಅಲ್ಲಿ ಉಳಿದ ಆಯಿಲ್ ಇಳಿಯುತ್ತದೆ. ಇದನ್ನು ಮೇಷ್ಟ್ರಿಗೆ ಮೊದಲೇ ಹೇಳಿದ್ದೆವು. ಅವರ ಮನೆಯ ಶೆಡ್ಡಿನ ನೆಲ ಹಿಂದಕ್ಕೆ ಇಳಿಜಾರು. ಈಗ ಗಾಡಿಯನ್ನು ರಿವರ್ಸ್‌ನಲ್ಲಿ ಒಳಗೆ ಬಿಡದೆ ನೇರವಾಗಿ ಬಿಡುತ್ತಾರೆ, ಮೂತಿ ಕೆಳಗಾಗಿ ನಿಲ್ಲುತ್ತದೆ. ಆಯಿಲ್ ಮಟ್ಟವನ್ನು ಡಿಪ್‌ಸ್ಟಿಕ್ಕಿನ ಮೇಲಿನ ಗುರುತು ದಾಟಿಸಬೇಡಿ ಅಂತಲೂ ಹೇಳಿದ್ದೇವೆ. ಸೋರುವ ಗಾಡಿಗೆ ಇರಲಿ ಅಂತ ಒಂದಿಷ್ಟು ಜಾಸ್ತಿ ಸುರಿಯುವುದು ಅವರ ಹಳೇ ರೂಢಿ. ಜಾಸ್ತಿ ಸುರಿದಿದ್ದು ಮೊದಲು ಹೊರಟುಹೋಗುವುದು ಅದೇ ಸ್ಕ್ರೋಲಿನಿಂದ.

ಮುಂದಿನ ಸರ್ವಿಸಿಗೆ ಮೇಸ್ತ್ರಿ ಬರೆದುಕೊಟ್ಟ ಚೀಟಿಯಲ್ಲಿ ಮೂರೇ ಸಾಲು ಇವೆ. ಬ್ರೀದರ್ ಪೈಪ್ ಮತ್ತು ಹೋಸ್ ತೆಗೆದು ತೊಳೆಯುವುದು. ಸ್ಪ್ಲಿಟ್ ಪಿನ್ ಅಲುಗಾಡಿಸಿ ನೋಡುವುದು. ಚೇಂಬರ್ ಬೋಲ್ಟಿಗೆ ಸ್ಪ್ಯಾನರ್ ಹಾಕದಿರುವುದು.